ಕಡಲತಳದ ಸಾಕ್ಷಿಗಳು: ಸೂಕ್ಷ್ಮ ಚಿಪ್ಪುಗಳಿಂದ ಪ್ರಾಚೀನ ಸಮುದ್ರದ ಉಷ್ಣತೆಯ ನಿರ್ಣಯ

೧

ಚರಿತ್ರೆಯ ವಿದ್ಯಾರ್ಥಿಗೆ ಆಕರವಿಮರ್ಶೆಯೆಂಬುದು ಮೊದಲ ಪಾಠ. ಒಂದು ಶಾಸನವಾಗಲಿ, ತಾಳೆಯ ಗರಿಯ ಒಂದು ಕಡತವಾಗಲಿ, ಪರದೇಶದ ಪ್ರವಾಸಿಯೊಬ್ಬನ ಬರಹವಾಗಲಿ ನಮ್ಮ ಮುಂದೆ ಬಂದಾಗ, ಅದು ಏನನ್ನು ಹೇಳುತ್ತದೆ ಎಂಬುದಕ್ಕಿಂತ ಮೊದಲು, ಅದನ್ನು ಯಾರು, ಯಾವಾಗ, ಯಾವ ಉದ್ದೇಶದಿಂದ ಬರೆದರು, ಬರೆದ ಮೇಲೆ ಅದು ಹೇಗೆ ಉಳಿದುಬಂದಿತು ಎಂದು ಕೇಳುವುದು ನಮ್ಮ ಶಾಸ್ತ್ರದ ಪದ್ಧತಿ. ದಾನಶಾಸನವೊಂದರಲ್ಲಿ ದತ್ತಿಯ ಭೂಮಿಗೆ ಹೇಳಿರುವ ಎಲ್ಲೆಗಳನ್ನು ನಂಬುವ ನಾವು, ಅದೇ ಶಾಸನದಲ್ಲಿ ಬರುವ ದಿಗ್ವಿಜಯದ ವರ್ಣನೆಯನ್ನು ಅಷ್ಟೇ ಸುಲಭವಾಗಿ ನಂಬುವುದಿಲ್ಲ. ಒಂದೇ ಸಾಕ್ಷಿಯು ಒಂದು ವಿಷಯದಲ್ಲಿ ಪ್ರಮಾಣವಾಗಿಯೂ ಮತ್ತೊಂದರಲ್ಲಿ ಅಪ್ರಮಾಣವಾಗಿಯೂ ಇರಬಹುದೆಂಬುದು ನಮಗೆ ಗೊತ್ತಿದೆ.

ಈ ಪದ್ಧತಿಯು ಮನುಷ್ಯರು ಬರೆದಿಟ್ಟ ದಾಖಲೆಗಳಿಗೆ ಮಾತ್ರ ಸಲ್ಲತಕ್ಕದ್ದೆಂದೂ, ಪ್ರಕೃತಿಯು ಬಿಟ್ಟುಹೋದ ಕುರುಹುಗಳು ಸುಳ್ಳನ್ನು ಅರಿಯವೆಂದೂ ಒಂದು ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಇದರಲ್ಲಿ ಅರ್ಧ ಮಾತ್ರ ಸತ್ಯವಿದೆ. ಪ್ರಕೃತಿಯು ಸುಳ್ಳು ಹೇಳುವುದಿಲ್ಲವೆಂಬುದು ದಿಟ. ಆದರೆ ಅದು ನಾವು ಕೇಳಿದ ಪ್ರಶ್ನೆಗೇ ಉತ್ತರ ಕೊಡುತ್ತಿದೆಯೆಂಬ ಭರವಸೆ ಏನೂ ಇಲ್ಲ. ಈ ಮಾತಿಗೆ ಅತ್ಯುತ್ತಮ ನಿದರ್ಶನವೆಂದರೆ, ಸಮುದ್ರದ ತಳದಲ್ಲಿರುವ ಸೂಕ್ಷ್ಮ ಚಿಪ್ಪುಗಳಿಂದ ಪ್ರಾಚೀನ ಕಾಲದ ಕಡಲುಗಳ ಉಷ್ಣತೆಯನ್ನು ಕಂಡುಹಿಡಿಯುವ ವಿದ್ಯೆಯು ಕಳೆದ ನೂರೈವತ್ತು ವರ್ಷಗಳಲ್ಲಿ ಬೆಳೆದುಬಂದ ರೀತಿ. ಅದನ್ನು ನಮ್ಮ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಯ ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಸಮಸ್ಯೆಯ ಸ್ವರೂಪವನ್ನು ನೋಡೋಣ. ಉಷ್ಣಮಾಪಕವು ಬಳಕೆಗೆ ಬಂದುದು ಹದಿನೇಳನೆಯ ಶತಮಾನದಲ್ಲಿ. ನಾನಾ ದೇಶಗಳ ಹಡಗುಗಳು ಒಂದೇ ಕ್ರಮದಲ್ಲಿ ಸಮುದ್ರದ ಸ್ಥಿತಿಗತಿಗಳನ್ನು ಬರೆದಿಡಬೇಕೆಂಬ ಒಪ್ಪಂದವಾದುದು ೧೮೫೩ರಲ್ಲಿ, ಬ್ರಸೆಲ್ಸ್ ನಗರದಲ್ಲಿ ಸೇರಿದ ಸಮ್ಮೇಳನದಲ್ಲಿ. ಅದಕ್ಕೆ ಹಿಂದಿನ ಕಡಲಿನ ಉಷ್ಣತೆಯನ್ನು ಕುರಿತು ಯಾವ ಮನುಷ್ಯನೂ ನಂಬತಕ್ಕ ಲೆಕ್ಕವನ್ನು ಇಟ್ಟಿಲ್ಲ. ಭೂಮಂಡಲದ ಮುಕ್ಕಾಲು ಪಾಲಿಗೆ ತುಸು ಕಡಿಮೆಯಷ್ಟನ್ನು ಆವರಿಸಿರುವ ಸಮುದ್ರದ ಶಾಖವು ತಿಳಿಯದಿದ್ದರೆ ಗತಕಾಲದ ವಾಯುಗುಣವು ತಿಳಿದಂತಾಗುವುದಿಲ್ಲ. ಹೀಗಿರಲು, ಇಪ್ಪತ್ತು ಸಾವಿರ ಅಥವಾ ನಾಲ್ಕು ಲಕ್ಷ ವರ್ಷಗಳ ಹಿಂದೆ ಕಡಲಿನ ನೀರು ಎಷ್ಟು ಬೆಚ್ಚಗಿತ್ತು ಎಂದು ಹೇಳುವುದು ಹೇಗೆ?

೨

ಇದಕ್ಕೆ ಸಾಕ್ಷಿಗಳಾಗಿ ದೊರೆತವು ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳು. ಇವುಗಳಲ್ಲಿ ಕೆಲವು ಜಾತಿಗಳು ಸಮುದ್ರದ ಮೇಲ್ಪದರಗಳಲ್ಲಿ ತೇಲುತ್ತ ಬಾಳುತ್ತವೆ. ಬಹುಪಾಲು ಜಾತಿಗಳು ತಳದ ಕೆಸರಿನಲ್ಲಿ ವಾಸಿಸುತ್ತವೆ. ತೇಲುವ ಜಾತಿಗಳ ಆಯುಸ್ಸು ಸಾಮಾನ್ಯವಾಗಿ ಕೆಲವು ವಾರಗಳು. ಗಾತ್ರದಲ್ಲಿ ಅವು ಮರಳಿನ ಕಣಕ್ಕೆ ಸಮಾನ. ನೀರಿನಲ್ಲಿ ಕರಗಿರುವ ಸುಣ್ಣವನ್ನು ತೆಗೆದುಕೊಂಡು ಕೋಣೆಯ ಮೇಲೆ ಕೋಣೆಯಾಗಿ ಚಿಪ್ಪನ್ನು ಕಟ್ಟಿಕೊಳ್ಳುವುದು ಇವುಗಳ ಸ್ವಭಾವ. ಜೀವಿಯು ಅಳಿದ ಮೇಲೆ ಬರಿದಾದ ಚಿಪ್ಪು ಕೆಳಗಿಳಿದು ತಳವನ್ನು ಸೇರುತ್ತದೆ. ವಿಶಾಲವಾದ ಕಡಲಿನ ನಡುವೆ ಹೀಗೆ ಕೂಡಿಬೀಳುವ ಕೆಸರಿನ ದಪ್ಪವು ಸಾವಿರ ವರ್ಷಕ್ಕೆ ಎರಡು ಮೂರು ಸೆಂಟಿಮೀಟರನ್ನು ಮೀರುವುದು ಅಪರೂಪ. ಆದುದರಿಂದ ಹತ್ತು ಮೀಟರು ಕೆಸರೆಂದರೆ ಕೆಲವು ಲಕ್ಷ ವರ್ಷಗಳ ದಫ್ತರವೆಂದು ತಿಳಿಯಬಹುದು.

೧೮೭೨ರಿಂದ ೧೮೭೬ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ನೌಕೆಯು ಜಗತ್ತಿನ ಕಡಲುಗಳನ್ನು ಶೋಧಿಸುತ್ತ ಸಂಚರಿಸಿತು. ಅದರಲ್ಲಿದ್ದ ಜಾನ್ ಮರ್ರೆ ಎಂಬ ವಿದ್ವಾಂಸನು, ತಳದ ಕೆಸರಿನಲ್ಲಿ ದೊರೆಯುವ ಗ್ಲೋಬಿಜೆರಿನ ಮೊದಲಾದ ಚಿಪ್ಪುಗಳು ಮೇಲಿನ ನೀರಿನಲ್ಲಿ ಬಾಳಿದ ಜೀವಿಗಳವೇ ಎಂಬುದನ್ನು ಬಲೆ ಬೀಸಿ ತೋರಿಸಿದನು. ಬೆಚ್ಚನೆಯ ಕಡಲಿನ ಜಾತಿಗಳು ಬೇರೆ, ತಣ್ಣನೆಯ ಕಡಲಿನ ಜಾತಿಗಳು ಬೇರೆ ಎಂಬುದನ್ನೂ ಗುರುತಿಸಿದನು. ಮುಂದಿನ ಎಲ್ಲ ಸಂಶೋಧನೆಗೆ ಈ ಎರಡು ಮಾತುಗಳೇ ಅಡಿಗಲ್ಲಾದವು.

ಆದರೆ ಮೇಲಿನ ಕೆಸರನ್ನು ಕೆದಕಿದರೆ ಇಂದಿನ ಸಂಗತಿ ತಿಳಿಯುವುದೇ ಹೊರತು ಹಿಂದಿನದು ತಿಳಿಯದು. ಕೆಸರಿನೊಳಗೆ ಕೊಳವೆಯನ್ನು ಇಳಿಸಿ, ಪದರಗಳ ಅನುಕ್ರಮವು ಕೆಡದಂತೆ ಮೇಲೆತ್ತಬೇಕು. ಮೀಟಿಯೋರ್ ಎಂಬ ಜರ್ಮನ್ ನೌಕೆಯು ೧೯೨೫ರಿಂದ ೧೯೨೭ರವರೆಗೆ ಅಟ್ಲಾಂಟಿಕ್ ಸಾಗರದಲ್ಲಿ ಸಂಗ್ರಹಿಸಿದ ಚಿಕ್ಕ ಕೆಸರುಕಂಬಗಳನ್ನು ಪರೀಕ್ಷಿಸಿ, ವೋಲ್ಫ್‌ಗಾಂಗ್ ಷೋಟ್ ಎಂಬವನು ೧೯೩೫ರಲ್ಲಿ ಒಂದು ಕುತೂಹಲಕರವಾದ ಸಂಗತಿಯನ್ನು ಪ್ರಕಟಿಸಿದನು. ಗ್ಲೋಬೊರೊಟೇಲಿಯ ಮೆನಾರ್ಡಿ ಎಂಬ ಉಷ್ಣಪ್ರಿಯ ಜಾತಿಯು ಮೇಲಿನ ಪದರದಲ್ಲಿ ಹೇರಳವಾಗಿತ್ತು. ಅದರ ಕೆಳಗಿನ ಪದರದಲ್ಲಿ ಕಣ್ಮರೆಯಾಗಿತ್ತು. ಇನ್ನೂ ಕೆಳಗೆ ಹೋದರೆ ಮತ್ತೆ ಕಾಣಿಸಿಕೊಂಡಿತ್ತು. ನಡುವಣ ಪದರವು ಹಿಮಯುಗದ್ದೆಂದು ಷೋಟ್ ಊಹಿಸಿದನು. ೧೯೪೭ರಲ್ಲಿ ಹೊರಟ ಸ್ವೀಡನ್ನಿನ ಆಲ್ಬಟ್ರಾಸ್ ನೌಕೆಯ ಹೊತ್ತಿಗೆ ಕುಲೆನ್‌ಬರ್ಗ್ ಎಂಬ ವಿಜ್ಞಾನಿಯು ಪಿಸ್ಟನ್ನುಳ್ಳ ಹೊಸ ಕೊಳವೆಯನ್ನು ರಚಿಸಿದ್ದನು. ಅದರಿಂದ ಹತ್ತು ಮೀಟರಿಗೂ ಮಿಕ್ಕ ಉದ್ದದ ಕೆಸರುಕಂಬಗಳು ದೊರೆಯುವಂತಾದವು.

೩

ಸಾಕ್ಷಿಗಳು ದೊರೆತವು, ಆದರೆ ಅವುಗಳ ಭಾಷೆಯನ್ನು ಅಂಕಿಗಳಲ್ಲಿ ಓದುವ ಉಪಾಯ ಬೇಕಾಗಿತ್ತು. ಅದನ್ನು ಒದಗಿಸಿದವನು ರಸಾಯನಶಾಸ್ತ್ರದಲ್ಲಿ ೧೯೩೪ರ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಹೆರಾಲ್ಡ್ ಯೂರಿ. ಆಮ್ಲಜನಕದಲ್ಲಿ ಹದಿನಾರು ತೂಕದ ಹಗುರವಾದ ಪರಮಾಣುಗಳೇ ಹೆಚ್ಚು. ಹದಿನೆಂಟು ತೂಕದ ಭಾರವಾದವು ಸಾವಿರಕ್ಕೆ ಸುಮಾರು ಎರಡು ಮಾತ್ರ. ನೀರಿನಲ್ಲಿ ಸುಣ್ಣದ ಚಿಪ್ಪು ರೂಪುಗೊಳ್ಳುವಾಗ ಭಾರವಾದ ಪರಮಾಣುಗಳು ಚಿಪ್ಪಿನೊಳಗೆ ತುಸು ಹೆಚ್ಚಾಗಿ ಸೇರುತ್ತವೆ. ನೀರು ತಣ್ಣಗಾದಷ್ಟೂ ಈ ಹೆಚ್ಚಳವು ಬೆಳೆಯುತ್ತದೆ. ಹೀಗೆ ಚಿಪ್ಪಿನ ಆಮ್ಲಜನಕವನ್ನು ಅಳೆದು, ಅದು ರಚಿತವಾದಾಗಿನ ಉಷ್ಣತೆಯನ್ನು ತಿಳಿಯಬಹುದೆಂದು ಯೂರಿಯು ೧೯೪೭ರಲ್ಲಿ ಸೂಚಿಸಿದನು. ಒಂದು ಡಿಗ್ರಿ ಸೆಂಟಿಗ್ರೇಡಿನ ಬದಲಾವಣೆಗೆ ಪ್ರಮಾಣದಲ್ಲಿ ಆಗುವ ವ್ಯತ್ಯಾಸವು ಸಾವಿರಕ್ಕೆ ೦.೨ಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟು ಸೂಕ್ಷ್ಮವಾದುದನ್ನು ಅಳೆಯಬಲ್ಲ ಯಂತ್ರವನ್ನೂ, ಅಳತೆಯನ್ನು ಉಷ್ಣತೆಗೆ ಪರಿವರ್ತಿಸುವ ಸೂತ್ರವನ್ನೂ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅವನ ಸಂಗಡಿಗರು ಮುಂದಿನ ಆರು ವರ್ಷಗಳಲ್ಲಿ ಸಿದ್ಧಪಡಿಸಿದರು.

ಅದೇ ಪ್ರಯೋಗಶಾಲೆಯಲ್ಲಿದ್ದ ಚೇಸರೆ ಎಮಿಲಿಯಾನಿ ಎಂಬ ಇಟಲಿಯ ವಿದ್ವಾಂಸನು ಈ ವಿಧಾನವನ್ನು ಕಡಲತಳದ ಕೆಸರಿಗೆ ಅನ್ವಯಿಸಿದನು. ೧೯೫೫ರಲ್ಲಿ ಪ್ರಕಟವಾದ ಅವನ ಲೇಖನವು ಈ ವಿದ್ಯೆಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಪದರ ಪದರದಿಂದ ಒಂದೊಂದೇ ಜಾತಿಯ ಚಿಪ್ಪುಗಳನ್ನು ಆರಿಸಿ ಅಳೆದಾಗ, ಸಮುದ್ರವು ಮತ್ತೆ ಮತ್ತೆ ಬಿಸಿಯಾಗಿ ಮತ್ತೆ ಮತ್ತೆ ತಂಪಾದ ಏರಿಳಿತದ ರೇಖೆಯೊಂದು ಮೂಡಿತು. ಬಿಸಿಯ ಅವಧಿಗಳಿಗೆ ಬೆಸ ಸಂಖ್ಯೆಗಳನ್ನೂ ತಂಪಿನ ಅವಧಿಗಳಿಗೆ ಸಮ ಸಂಖ್ಯೆಗಳನ್ನೂ ಅವನು ಕೊಟ್ಟನು; ಆ ಸಂಖ್ಯಾಕ್ರಮವು ಇಂದಿಗೂ ಬಳಕೆಯಲ್ಲಿದೆ. ಹಿಮಯುಗಗಳಲ್ಲಿ ಕೆರಿಬಿಯನ್ ಮೊದಲಾದ ಉಷ್ಣವಲಯದ ಕಡಲುಗಳು ಸುಮಾರು ೬ ಡಿಗ್ರಿಗಳಷ್ಟು ತಂಪಾಗಿದ್ದವೆಂಬುದು ಅವನ ತೀರ್ಮಾನ.

೪

ಇಲ್ಲಿ ಆಕರವಿಮರ್ಶೆಯ ಪ್ರಶ್ನೆ ಏಳುತ್ತದೆ. ಚಿಪ್ಪು ತನ್ನ ಆಮ್ಲಜನಕವನ್ನು ಪಡೆಯುವುದು ನೀರಿನಿಂದ. ಆ ನೀರಿನ ಸಂಯೋಜನೆಯೇ ಕಾಲದಿಂದ ಕಾಲಕ್ಕೆ ಬದಲಾಗಿದ್ದರೆ? ಸಮುದ್ರದಿಂದ ಆವಿಯಾಗಿ ಏಳುವ ನೀರಿನಲ್ಲಿ ಹಗುರವಾದ ಪರಮಾಣುಗಳು ಹೆಚ್ಚು. ಮೋಡವು ಧ್ರುವಗಳ ಕಡೆಗೆ ಸಾಗುತ್ತ ಮಳೆ ಸುರಿಸಿದಂತೆಲ್ಲ ಭಾರವಾದುವು ಕೆಳಗುದುರಿ, ಉಳಿದ ಆವಿಯು ಇನ್ನಷ್ಟು ಹಗುರವಾಗುತ್ತದೆ. ಆದುದರಿಂದ ಧ್ರುವಪ್ರದೇಶಗಳಲ್ಲಿ ಹಿಮವಾಗಿ ಶೇಖರವಾಗುವುದು ಹಗುರ ಆಮ್ಲಜನಕದ ನೀರು. ಹಿಮಯುಗದಲ್ಲಿ ಉತ್ತರ ಅಮೆರಿಕ ಮತ್ತು ಯೂರೋಪು ಖಂಡಗಳ ಮೇಲೆ ಕೂಡಿದ ಅಪಾರವಾದ ಹಿಮರಾಶಿಯು ಅಷ್ಟು ಹಗುರ ನೀರನ್ನು ಕಡಲಿನಿಂದ ಕಸಿದುಕೊಂಡಿತು. ಕಡಲಿನಲ್ಲಿ ಉಳಿದುದು ಭಾರವಾದ ನೀರು. ಹೀಗಾಗಿ ಚಿಪ್ಪು ಭಾರವಾಗಿದೆಯೆಂದರೆ ಕಡಲು ತಂಪಾಗಿತ್ತು ಎಂದೂ ಅರ್ಥವಾಗಬಹುದು. ನೆಲದ ಮೇಲೆ ಹಿಮವು ಹೆಚ್ಚಾಗಿತ್ತು ಎಂದೂ ಅರ್ಥವಾಗಬಹುದು. ಸಾಕ್ಷಿಯ ಮಾತು ಒಂದೇ; ಅದರ ಹಿಂದಿರುವ ಕಾರಣಗಳು ಎರಡು.

ಎಮಿಲಿಯಾನಿಗೆ ಈ ತೊಡಕು ತಿಳಿಯದೆ ಇರಲಿಲ್ಲ. ಹಿಮದ ಪಾಲು ಸಾವಿರಕ್ಕೆ ೦.೪ರಷ್ಟೆಂದು ಅವನು ಅಂದಾಜು ಮಾಡಿ, ಉಳಿದುದೆಲ್ಲ ಉಷ್ಣತೆಯದೆಂದು ಗಣಿಸಿದನು. ಆ ಅಂದಾಜಿನಲ್ಲಿಯೇ ಇಡೀ ತೀರ್ಮಾನವು ನಿಂತಿತ್ತು. ಉದಾಹರಣೆಗಾಗಿ, ಒಂದು ಕೆಸರುಕಂಬದಲ್ಲಿ ಒಟ್ಟು ವ್ಯತ್ಯಾಸವು ಸಾವಿರಕ್ಕೆ ೧.೫ ಎಂದಿಟ್ಟುಕೊಳ್ಳೋಣ. ಹಿಮದ ಪಾಲು ೦.೪ ಆದರೆ ಉಷ್ಣತೆಗೆ ೧.೧ ಉಳಿಯುತ್ತದೆ, ಅದು ಸುಮಾರು ೫ ಡಿಗ್ರಿಗಳಿಗೆ ಸಮ. ಹಿಮದ ಪಾಲು ೧.೦ ಆದರೆ ಉಷ್ಣತೆಗೆ ಉಳಿಯುವುದು ೦.೫ ಮಾತ್ರ, ಅದು ೨ ಡಿಗ್ರಿಗಳಿಗಿಂತ ತುಸು ಹೆಚ್ಚು. ಅಳತೆಯಲ್ಲಿ ಕೂದಲೆಳೆಯಷ್ಟೂ ಬದಲಾಗದೆ ಇತಿಹಾಸವು ಅರ್ಧಕ್ಕಿಂತ ಕೆಳಗಿಳಿಯಿತು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ನಿಕೊಲಸ್ ಶ್ಯಾಕಲ್ಟನ್ ೧೯೬೭ರಲ್ಲಿ ಈ ಗಂಟನ್ನು ಬಿಡಿಸಲು ಮಾಡಿದ ಉಪಾಯವು ಚರಿತ್ರಕಾರರು ಮೆಚ್ಚತಕ್ಕದ್ದು. ಅವನು ಎರಡನೆಯ ಸಾಕ್ಷಿಯೊಂದನ್ನು ಕರೆದನು. ಮೇಲೆ ತೇಲುವ ಜಾತಿಗಳ ಬದಲು, ಕತ್ತಲು ತುಂಬಿದ ತಳದಲ್ಲಿಯೇ ಬಾಳಿದ ಜಾತಿಗಳ ಚಿಪ್ಪುಗಳನ್ನು ನೋಡಿದನು. ಆಳದ ನೀರು ಇಂದಿಗೂ ಒಂದೆರಡು ಡಿಗ್ರಿಗಳಷ್ಟೇ ಬೆಚ್ಚಗಿರುವುದು. ಸಮುದ್ರಜಲವು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು ೧.೯ ಡಿಗ್ರಿ ಕೆಳಗೆ. ಆದುದರಿಂದ ಆ ನೀರು ಐದಾರು ಡಿಗ್ರಿ ತಂಪಾಗಲು ಅವಕಾಶವೇ ಇಲ್ಲ. ಹೀಗಿದ್ದರೂ ತಳದ ಚಿಪ್ಪುಗಳಲ್ಲಿ ಕಂಡ ಏರಿಳಿತವು ಮೇಲಿನ ಚಿಪ್ಪುಗಳ ಏರಿಳಿತಕ್ಕೆ ಬಹುಮಟ್ಟಿಗೆ ಸಮನಾಗಿತ್ತು. ಇದರಿಂದ ಎಮಿಲಿಯಾನಿಯ ರೇಖೆಯ ಬಹುಪಾಲು ಕಡಲಿನ ಉಷ್ಣತೆಯದಲ್ಲ, ನೆಲದ ಹಿಮದ್ದು ಎಂಬುದು ವಿಶದವಾಯಿತು. ಎಮಿಲಿಯಾನಿಯು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಮುಂದೆ ನಡೆದ ಸಂಶೋಧನೆಗಳು ಇಬ್ಬರ ಮಾತನ್ನೂ ಸ್ವಲ್ಪ ತಿದ್ದಿದವು: ಹಿಮದ ಪಾಲು ಸಾವಿರಕ್ಕೆ ಸುಮಾರು ೧ ಎಂದೂ, ಆಳದ ನೀರೂ ಹಿಮಯುಗದಲ್ಲಿ ಹೆಪ್ಪುಗಟ್ಟುವ ಅಂಚಿನವರೆಗೆ ತಂಪಾಗಿತ್ತೆಂದೂ ಈಗ ತಿಳಿದುಬಂದಿದೆ.

ಒಂದು ಆಕರವು ನಾವು ಬಯಸಿದುದನ್ನು ಹೇಳದೆ ಬೇರೊಂದನ್ನು ಹೇಳಿತೆಂದರೆ ಅದು ನಷ್ಟವೇ ಆಗಬೇಕಾಗಿಲ್ಲ. ಉಷ್ಣತೆಯು ಕಡಲಿಂದ ಕಡಲಿಗೆ ಬೇರೆಯಾಗುತ್ತದೆ; ಆದರೆ ಎಲ್ಲ ಕಡಲುಗಳ ನೀರು ಸಾವಿರಾರು ವರ್ಷಗಳಲ್ಲಿ ಕಲೆತುಹೋಗುವುದರಿಂದ ಹಿಮದ ಕುರುಹು ಎಲ್ಲೆಲ್ಲಿಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೀಳುತ್ತದೆ. ಆದಕಾರಣ ಅದು ಜಗತ್ತಿನ ಕೆಸರುಗಳಿಗೆಲ್ಲ ಸಮಾನವಾದ ಕಾಲಮಾಪಕವಾಯಿತು. ೧೯೭೩ರಲ್ಲಿ ಶ್ಯಾಕಲ್ಟನ್ ಮತ್ತು ಆಪ್‌ಡೈಕ್ ಅವರು ಪೆಸಿಫಿಕ್ ಸಾಗರದ ಒಂದು ಕೆಸರುಕಂಬದಲ್ಲಿ, ಭೂಮಿಯ ಅಯಸ್ಕಾಂತ ಧ್ರುವಗಳು ಸುಮಾರು ೭.೮ ಲಕ್ಷ ವರ್ಷಗಳ ಹಿಂದೆ ಅದಲುಬದಲಾದ ಗುರುತನ್ನು ಹತ್ತೊಂಬತ್ತನೆಯ ಅವಧಿಯಲ್ಲಿ ಕಂಡು, ಈ ಕಾಲಮಾಪಕಕ್ಕೆ ಭದ್ರವಾದ ಆಧಾರ ಕೊಟ್ಟರು. ಆಲ್ಪ್ಸ್ ಪರ್ವತದ ಕುರುಹುಗಳಿಂದ ಹಿಮಯುಗಗಳು ನಾಲ್ಕೇ ಎಂದು ನಂಬಿಕೊಂಡು ಬಂದಿದ್ದ ಮತವು ಇದರಿಂದ ಸಡಿಲವಾಯಿತು. ೧೯೭೬ರಲ್ಲಿ ಹೇಸ್, ಇಂಬ್ರೀ ಮತ್ತು ಶ್ಯಾಕಲ್ಟನ್ ಅವರು ಹಿಂದೂ ಮಹಾಸಾಗರದ ದಕ್ಷಿಣಭಾಗದಿಂದ ತೆಗೆದ ಎರಡು ಕೆಸರುಕಂಬಗಳನ್ನು ಪರಿಶೀಲಿಸಿ, ನಾಲ್ಕೂವರೆ ಲಕ್ಷ ವರ್ಷಗಳ ಏರಿಳಿತದಲ್ಲಿ ಸುಮಾರು ಒಂದು ಲಕ್ಷ, ನಲವತ್ತೊಂದು ಸಾವಿರ, ಮತ್ತು ಇಪ್ಪತ್ತು ಸಾವಿರದ ಆಚೀಚಿನ ವರ್ಷಗಳ ಆವರ್ತಗಳಿರುವುದನ್ನು ತೋರಿಸಿದರು. ಭೂಮಿಯ ಕಕ್ಷೆ ಹಾಗೂ ಅಕ್ಷಗಳ ಚಲನೆಯಲ್ಲಿ ಖಗೋಳಗಣಿತವು ಕಂಡುಕೊಂಡಿದ್ದ ಆವರ್ತಗಳೂ ಇವೇ. ಉಷ್ಣತೆಯ ವಿಷಯದಲ್ಲಿ ದಾರಿತಪ್ಪಿಸಿದ ಸಾಕ್ಷಿಯೇ ಹಿಮಯುಗಗಳ ಕಾಲನಿರ್ಣಯದಲ್ಲಿ ಪರಮಪ್ರಮಾಣವಾಯಿತು.

೫

ಹಾಗಾದರೆ ಉಷ್ಣತೆಯನ್ನು ತಿಳಿಯಲು ಬೇರೆ ಮಾರ್ಗವೇನು? ಜಾನ್ ಇಂಬ್ರೀ ಮತ್ತು ನಿಲ್ವಾ ಕಿಪ್ ಅವರು ೧೯೭೧ರಲ್ಲಿ ಮರ್ರೆಯ ಹಳೆಯ ಸೂಚನೆಗೆ ಗಣಿತದ ರೂಪ ಕೊಟ್ಟರು. ಇಂದಿನ ಕಡಲತಳದ ಮೇಲ್ಪದರಗಳಲ್ಲಿ ಯಾವ ಯಾವ ಜಾತಿಗಳು ಎಷ್ಟೆಷ್ಟು ಪ್ರಮಾಣದಲ್ಲಿವೆ ಎಂದು ಎಣಿಸಿ, ಅದನ್ನು ಮೇಲಿನ ನೀರಿನ ಉಷ್ಣತೆಯೊಡನೆ ಹೋಲಿಸಿ, ಸಮೀಕರಣಗಳನ್ನು ರಚಿಸಿದರು. ಹಳೆಯ ಪದರದ ಎಣಿಕೆಯನ್ನು ಅದೇ ಸಮೀಕರಣದಲ್ಲಿಟ್ಟರೆ ಹಳೆಯ ಉಷ್ಣತೆಯು ಹೊರಬರುತ್ತದೆ. ಈ ವಿಧಾನದ ಬಲದ ಮೇಲೆ ಕ್ಲೈಮ್ಯಾಪ್ ಎಂಬ ಹೆಸರಿನ ವಿದ್ವಾಂಸರ ತಂಡವು ೧೯೭೬ರಲ್ಲಿಯೂ ೧೯೮೧ರಲ್ಲಿಯೂ ಹಿಮಯುಗದ ಭೂಮಂಡಲದ ನಕ್ಷೆಗಳನ್ನು ಪ್ರಕಟಿಸಿತು. ಅದು ಆರಿಸಿಕೊಂಡ ಕಾಲವು ಕಾರ್ಬನ್ ವಿಧಾನದ ಲೆಕ್ಕದಲ್ಲಿ ಇಂದಿಗೆ ೧೮,೦೦೦ ವರ್ಷಗಳ ಹಿಂದೆ. ಸೌರವರ್ಷಗಳ ಲೆಕ್ಕದಲ್ಲಿ ಅದು ಸುಮಾರು ೨೧,೦೦೦.

ಆ ನಕ್ಷೆಗಳಲ್ಲಿ ಉತ್ತರ ಅಟ್ಲಾಂಟಿಕ್ ಸಾಗರವು ಬಹಳ ತಂಪಾಗಿತ್ತು. ಆದರೆ ಉಷ್ಣವಲಯದ ಕಡಲುಗಳು ಹೆಚ್ಚು ಕಡೆಗಳಲ್ಲಿ ಒಂದೆರಡು ಡಿಗ್ರಿಗಳಿಗಿಂತ ಹೆಚ್ಚು ಇಳಿದಿರಲಿಲ್ಲ; ಪೆಸಿಫಿಕ್ ಸಾಗರದ ಕೆಲವು ಭಾಗಗಳು ಇಂದಿಗಿಂತಲೂ ಬೆಚ್ಚಗಿದ್ದಂತೆ ತೋರಿತು. ಇದನ್ನು ಒಪ್ಪುವುದಕ್ಕೆ ಒಂದು ಅಡ್ಡಿಯಿತ್ತು. ನ್ಯೂಗಿನಿ, ಪೂರ್ವ ಆಫ್ರಿಕ, ಆಂಡಿಸ್ ಮೊದಲಾದ ಉಷ್ಣವಲಯದ ಪರ್ವತಗಳಲ್ಲಿ ಹಿಮರೇಖೆಯು ಅದೇ ಕಾಲದಲ್ಲಿ ಇಂದಿಗಿಂತ ಸುಮಾರು ಒಂದು ಸಾವಿರ ಮೀಟರು ಕೆಳಗಿತ್ತು. ಅದಕ್ಕೆ ಸುಮಾರು ೫ ಡಿಗ್ರಿಗಳ ತಂಪು ಬೇಕು. ಬುಡದಲ್ಲಿರುವ ಕಡಲು ಬೆಚ್ಚಗಿದ್ದು, ತಲೆಯ ಮೇಲಿನ ಗಾಳಿ ಅಷ್ಟು ತಂಪಾಗಿರುವುದು ಹೇಗೆ ಎಂದು ರಿಂಡ್ ಮತ್ತು ಪೀಟಿಟ್ ಎಂಬ ವಿದ್ವಾಂಸರು ೧೯೮೫ರಲ್ಲಿ ಪ್ರಶ್ನಿಸಿದರು. ೧೯೯೪ರಲ್ಲಿ ಬಾರ್ಬಡೋಸ್ ದ್ವೀಪದ ಪ್ರಾಚೀನ ಹವಳಗಳ ರಾಸಾಯನಿಕ ಪರೀಕ್ಷೆಯು ಅಲ್ಲಿನ ಕಡಲು ೫ ಡಿಗ್ರಿ ತಂಪಾಗಿತ್ತೆಂದು ಹೇಳಿತು. ಎಮಿಲಿಯಾನಿಯ ಹಳೆಯ ಅಂಕಿಯು ಬೇರೊಂದು ಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು.

ಎಣಿಕೆಯ ವಿಧಾನದ ದೌರ್ಬಲ್ಯವೆಲ್ಲಿದೆ? ಮೊದಲನೆಯದಾಗಿ, ಪ್ರತಿಯೊಂದು ಜಾತಿಯ ಒಲವುಗಳು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲವೆಂಬ ಗ್ರಹಿಕೆಯನ್ನು ಅದು ಆಧರಿಸಿದೆ. ಎರಡನೆಯದಾಗಿ, ಇಂದು ಎಲ್ಲಿಯೂ ಕಾಣದಂಥ ಜಾತಿಸಮೂಹವು ಹಳೆಯ ಪದರದಲ್ಲಿ ಕಂಡಾಗ ಅದನ್ನು ಹೋಲಿಸಲು ಏನೂ ಇರುವುದಿಲ್ಲ. ಮೂರನೆಯದಾಗಿ, ಬಹಳ ಆಳದಲ್ಲಿ ಸುಣ್ಣವು ಕರಗುತ್ತದೆ. ತೆಳುವಾದ ಚಿಪ್ಪುಗಳು ಮೊದಲು ಕರಗಿ ದಪ್ಪನೆಯವು ಉಳಿದಾಗ, ಉಳಿದವರ ಮಾತೇ ಎಲ್ಲರ ಮಾತೆಂದು ಭಾಸವಾಗುತ್ತದೆ. ಕಲ್ಲಿನ ಮೇಲಿನ ಬರಹಗಳು ಉಳಿದು ಓಲೆಯ ಬರಹಗಳು ಅಳಿದ ಕಾಲವನ್ನು ಅಧ್ಯಯನ ಮಾಡಿದವರಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೆಯದಾಗಿ, ಜೀವಿಗಳು ಉಷ್ಣತೆಯೊಂದಕ್ಕೇ ಓಗೊಡುವುದಿಲ್ಲ. ಆಹಾರವೂ ಅವುಗಳಿಗೆ ಅಷ್ಟೇ ಮುಖ್ಯ.

ಈ ಕಡೆಯ ಮಾತಿಗೆ ನಮ್ಮ ಅರಬ್ಬೀ ಸಮುದ್ರವೇ ಉತ್ತಮ ಉದಾಹರಣೆ. ಗ್ಲೋಬಿಜೆರಿನ ಬುಲ್ಲಾಯ್ಡಿಸ್ ಎಂಬುದು ಸಾಮಾನ್ಯವಾಗಿ ತಂಪು ಕಡಲುಗಳ ಜಾತಿ. ಆದರೆ ಒಮಾನ್ ದೇಶದ ತೀರದಲ್ಲಿ ಅದು ಹೇರಳವಾಗಿ ದೊರೆಯುತ್ತದೆ. ಮುಂಗಾರಿನ ನೈಋತ್ಯ ಮಾರುತವು ಮೇಲಿನ ನೀರನ್ನು ತೀರದಿಂದಾಚೆಗೆ ತಳ್ಳಿದಾಗ, ಆಳದ ತಣ್ಣನೆಯ, ಪೋಷಕಾಂಶಗಳಿಂದ ತುಂಬಿದ ನೀರು ಮೇಲೆದ್ದು ಬರುತ್ತದೆ. ಅದರೊಡನೆ ಈ ಜೀವಿಯೂ ಹೆಚ್ಚುತ್ತದೆ. ಆದಕಾರಣ ಆ ಭಾಗದ ಕೆಸರಿನಲ್ಲಿ ಈ ಚಿಪ್ಪು ಹೆಚ್ಚಿದ್ದರೆ, ಜಗತ್ತು ತಂಪಾಗಿತ್ತೆಂದು ತಿಳಿಯದೆ, ಮುಂಗಾರು ಮಾರುತವು ಬಲವಾಗಿತ್ತೆಂದು ತಿಳಿಯಬೇಕು. ಕಾರವಾರದ ಸಮೀಪದ ಕಡಲತಳದ ಫೊರಾಮಿನಿಫೆರಾ ಚಿಪ್ಪುಗಳಿಂದ ಗೋವದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿದ್ವಾಂಸರು ಹಿಂದಿನ ಮಳೆಯ ಏರಿಳಿತಗಳನ್ನು ಅರಸಿರುವುದೂ ಉಂಟು. ಒಂದೇ ಬಗೆಯ ಚಿಪ್ಪು ಒಂದು ಕಡಲಿನಲ್ಲಿ ಶಾಖದ ಸಾಕ್ಷಿ, ಇನ್ನೊಂದರಲ್ಲಿ ಗಾಳಿಯ ಸಾಕ್ಷಿ, ಮತ್ತೊಂದರಲ್ಲಿ ಮಳೆಯ ಸಾಕ್ಷಿ.

೬

ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಇನ್ನೆರಡು ಹೊಸ ಸಾಕ್ಷಿಗಳು ನ್ಯಾಯಾಸನದ ಮುಂದೆ ಬಂದವು. ಸಮುದ್ರದ ಸೂಕ್ಷ್ಮ ಪಾಚಿಗಳು ತಮ್ಮ ದೇಹದಲ್ಲಿ ಆಲ್ಕಿನೋನ್ ಎಂಬ ಕೊಬ್ಬಿನಂಥ ವಸ್ತುಗಳನ್ನು ತಯಾರಿಸುತ್ತವೆ. ನೀರಿನ ಉಷ್ಣತೆಗೆ ಅನುಗುಣವಾಗಿ ಅವುಗಳ ರಚನೆಯಲ್ಲಿ ವ್ಯತ್ಯಾಸವಾಗುತ್ತದೆಂದೂ, ಆ ವ್ಯತ್ಯಾಸವು ಕೆಸರಿನಲ್ಲಿ ಲಕ್ಷಾಂತರ ವರ್ಷ ಉಳಿಯುತ್ತದೆಂದೂ ೧೯೮೬ರಲ್ಲಿ ತಿಳಿದುಬಂದಿತು. ಈ ಪಾಚಿಗಳಲ್ಲಿ ಪ್ರಮುಖವಾದುದಕ್ಕೆ ಎಮಿಲಿಯಾನಿಯಾ ಹಕ್ಸ್‌ಲಿಯೈ ಎಂದು ಹೆಸರು. ಅದರಲ್ಲಿ ಎಮಿಲಿಯಾನಿಯ ನೆನಪು ಉಳಿದಿದೆ. ಎರಡನೆಯ ಸಾಕ್ಷಿಯು ಫೊರಾಮಿನಿಫೆರಾ ಚಿಪ್ಪಿನಲ್ಲಿಯೇ ಇರುವ ಮೆಗ್ನೀಸಿಯಂ ಧಾತು. ನೀರು ಒಂದು ಡಿಗ್ರಿ ಬೆಚ್ಚಗಾದರೆ ಚಿಪ್ಪಿನ ಸುಣ್ಣದೊಡನೆ ಸೇರುವ ಮೆಗ್ನೀಸಿಯಂ ಸುಮಾರು ನೂರಕ್ಕೆ ಒಂಬತ್ತರಂತೆ ಹೆಚ್ಚುತ್ತದೆ. ಹಿಮರಾಶಿಯ ಏರಿಳಿತವು ಈ ಎರಡನ್ನೂ ನೇರವಾಗಿ ತಟ್ಟುವುದಿಲ್ಲ.

ಇವುಗಳಿಗೂ ದೋಷಗಳಿಲ್ಲದಿಲ್ಲ. ನೀರು ೨೮ ಡಿಗ್ರಿಗಳನ್ನು ದಾಟಿದ ಮೇಲೆ ಆಲ್ಕಿನೋನ್ ಹೆಚ್ಚೇನನ್ನೂ ಹೇಳಲಾರದು. ಮೆಗ್ನೀಸಿಯಂ ಉಪ್ಪಿನ ಅಂಶದಿಂದಲೂ ತಳದಲ್ಲಿ ಚಿಪ್ಪು ಕರಗುವುದರಿಂದಲೂ ಬದಲಾಗುತ್ತದೆ. ಆದರೆ ಇವುಗಳ ದೋಷಗಳು ಬೇರೆ ಬೇರೆ ಬಗೆಯವು. ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಆ ಮಾತಿಗೆ ತೂಕ ಬರುತ್ತದೆ. ಅಲ್ಲದೆ, ಒಂದೇ ಚಿಪ್ಪಿನ ಮೆಗ್ನೀಸಿಯಮ್ಮಿನಿಂದ ಉಷ್ಣತೆಯನ್ನು ತಿಳಿದು, ಅದರ ಪಾಲನ್ನು ಆಮ್ಲಜನಕದ ಅಳತೆಯಿಂದ ಕಳೆದರೆ, ಉಳಿಯುವುದು ನೀರಿನ ಸಂಯೋಜನೆ. ಶ್ಯಾಕಲ್ಟನ್ ಮತ್ತು ಎಮಿಲಿಯಾನಿ ವಾದಿಸಿದ ಎರಡು ಕಾರಣಗಳನ್ನು ಈಗ ಒಂದು ಚಿಪ್ಪಿನಲ್ಲಿಯೇ ಬೇರ್ಪಡಿಸಬಹುದಾಗಿದೆ. ಮಾಲ್ಡೀವ್ಸ್ ದ್ವೀಪಗಳ ಸಮೀಪದ ಕೆಸರಿನಲ್ಲಿ ಆಲ್ಕಿನೋನ್ ಮತ್ತು ಆಮ್ಲಜನಕಗಳನ್ನು ಜೊತೆಗಿಟ್ಟು, ಆ ಭಾಗದ ಕಡಲಿನ ಉಷ್ಣತೆಯನ್ನೂ ಉಪ್ಪಿನ ಅಂಶವನ್ನೂ ೧೯೯೩ರಲ್ಲಿ ಬಿಡಿಬಿಡಿಯಾಗಿ ಲೆಕ್ಕಹಾಕಲಾಯಿತು. ೨೦೦೦ದಲ್ಲಿ ಲೀ ಮತ್ತು ಅವರ ಸಹೋದ್ಯೋಗಿಗಳು ಪೆಸಿಫಿಕ್ ಸಾಗರದ ನಡುಗೆರೆಯ ಬಳಿಯ ಚಿಪ್ಪುಗಳಿಂದ, ಹಿಮಯುಗದಲ್ಲಿ ಅಲ್ಲಿನ ನೀರು ಸುಮಾರು ೨.೮ ಡಿಗ್ರಿ ತಂಪಾಗಿತ್ತೆಂದೂ, ಹಿಮಯುಗ ಮುಗಿಯುವಾಗ ಹಿಮ ಕರಗುವುದಕ್ಕೆ ಸುಮಾರು ಮೂರು ಸಾವಿರ ವರ್ಷ ಮೊದಲೇ ಆ ನೀರು ಬೆಚ್ಚಗಾಗತೊಡಗಿತ್ತೆಂದೂ ತೋರಿಸಿದರು. ಒಂದು ಸಾಕ್ಷಿಯಿಂದ ಈ ಪೂರ್ವಾಪರವು ಎಂದಿಗೂ ತಿಳಿಯುತ್ತಿರಲಿಲ್ಲ.

೭

ಎರಡು ಡಿಗ್ರಿಯೋ ಐದು ಡಿಗ್ರಿಯೋ ಎಂಬ ಈ ವಾದದಿಂದ ಯಾರಿಗೇನು ಪ್ರಯೋಜನವೆಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಯೋಜನವು ಚಿಕ್ಕದಲ್ಲ. ಹಿಮಯುಗದಲ್ಲಿ ವಾಯುಮಂಡಲದ ಇಂಗಾಲಾಮ್ಲವು ಹತ್ತು ಲಕ್ಷ ಭಾಗಗಳಿಗೆ ಸುಮಾರು ೧೯೦ ಭಾಗಗಳಷ್ಟಿತ್ತು. ಕೈಗಾರಿಕೆಗಳು ಬೆಳೆಯುವುದಕ್ಕೆ ಮೊದಲು ೨೮೦ರಷ್ಟಿತ್ತು. ಈಗ ೪೨೦ನ್ನು ದಾಟಿದೆ. ಇಂಗಾಲಾಮ್ಲವು ಇಮ್ಮಡಿಸಿದರೆ ಭೂಮಿಯು ಎಷ್ಟು ಬಿಸಿಯಾದೀತೆಂಬುದು ನಮ್ಮ ಕಾಲದ ಮುಖ್ಯ ಪ್ರಶ್ನೆಗಳಲ್ಲೊಂದು. ಅದನ್ನು ಪರೀಕ್ಷಿಸಲು ಬೇರೊಂದು ಭೂಮಿ ನಮ್ಮಲ್ಲಿಲ್ಲ; ಇರುವುದು ಇದೇ ಭೂಮಿಯ ಗತಕಾಲ. ಇಂಗಾಲಾಮ್ಲವು ತಗ್ಗಿ, ಹಿಮವು ಹೆಚ್ಚಿದ್ದ ಆ ಕಾಲದಲ್ಲಿ ಭೂಮಿಯು ಎಷ್ಟು ತಂಪಾಗಿತ್ತೆಂದು ತಿಳಿದರೆ, ಮುಂದೆ ಎಷ್ಟು ಬಿಸಿಯಾದೀತೆಂಬ ಅಂದಾಜಿಗೆ ಎಲ್ಲೆಗಳು ದೊರೆಯುತ್ತವೆ. ಉಷ್ಣವಲಯದ ಕಡಲು ಕದಲಲೇ ಇಲ್ಲವೆಂದರೆ ಭೂಮಿಯು ಗಟ್ಟಿಯಾದ ಸ್ವಭಾವದ್ದೆಂದು ನೆಮ್ಮದಿ ಪಡಬಹುದು. ಹೆಚ್ಚು ಇಳಿದಿತ್ತೆಂದರೆ ಆ ನೆಮ್ಮದಿಗೆ ಆಧಾರವಿಲ್ಲ.

ಈ ಪ್ರಶ್ನೆಗೆ ಉತ್ತರವು ಹಂತಹಂತವಾಗಿ ಮುಂದುವರಿದಿದೆ. ೨೦೦೯ರಲ್ಲಿ ಮಾರ್ಗೋ ಎಂಬ ತಂಡವು ಚಿಪ್ಪಿನ ಎಣಿಕೆ, ಆಲ್ಕಿನೋನ್, ಮೆಗ್ನೀಸಿಯಂ ಮೊದಲಾದ ಎಲ್ಲ ಸಾಕ್ಷ್ಯಗಳನ್ನೂ ಕೂಡಿಸಿ, ಹಿಮಯುಗದ ಕಡಲಿನ ಮೇಲ್ಮೈ ಸರಾಸರಿ ೧.೯ ಡಿಗ್ರಿ ತಂಪಾಗಿತ್ತೆಂದು ಹೇಳಿ, ಅದರ ಅನಿಶ್ಚಿತತೆಯು ೧.೮ ಡಿಗ್ರಿಯೆಂದು ಸೇರಿಸಿತು. ೨೦೨೦ರಲ್ಲಿ ಟಿಯರ್ನಿ ಮತ್ತು ಅವರ ಸಂಗಡಿಗರು ಚಿಪ್ಪು ಮತ್ತು ಪಾಚಿಗಳ ಸಾಕ್ಷ್ಯವನ್ನು ವಾಯುಗುಣದ ಗಣಿತದೊಡನೆ ಜೋಡಿಸಿ, ನೆಲ ಕಡಲುಗಳೆರಡೂ ಸೇರಿದ ಭೂಮಿಯ ಸರಾಸರಿ ಉಷ್ಣತೆಯು ಇಂದಿಗಿಂತ ಸುಮಾರು ೬ ಡಿಗ್ರಿ ಕಡಿಮೆಯಿತ್ತೆಂದೂ, ಇಂಗಾಲಾಮ್ಲವು ಇಮ್ಮಡಿಸಿದರೆ ಸುಮಾರು ೩.೪ ಡಿಗ್ರಿ ಬಿಸಿಯೇರುವುದೆಂದೂ ಅಂದಾಜು ಮಾಡಿದರು. ೨೦೨೧ರಲ್ಲಿ ಅಂತರಸರಕಾರೀ ವಾಯುಗುಣ ಮಂಡಲಿಯು ಈ ಏರಿಕೆಗೆ ೨.೫ರಿಂದ ೪ ಡಿಗ್ರಿಗಳ ಎಲ್ಲೆಯನ್ನು ಗೊತ್ತುಪಡಿಸುವಾಗ ಆಧರಿಸಿದ ಪುರಾವೆಗಳಲ್ಲಿ ಇಂಥ ಗತಕಾಲದ ಸಾಕ್ಷ್ಯವೂ ಒಂದು. ಮರಳಿನ ಕಣದಷ್ಟು ಚಿಪ್ಪುಗಳ ಸಾಕ್ಷ್ಯವು ರಾಷ್ಟ್ರಗಳ ಮುಂದಿನ ಯೋಜನೆಗಳ ಲೆಕ್ಕಪತ್ರಗಳಲ್ಲಿ ಸೇರಿರುವುದು ಹೀಗೆ.

೮

ಚರಿತ್ರೆಯ ಅಧ್ಯಾಪಕರು ಈ ವಿದ್ಯೆಯನ್ನು ಉಪಯೋಗಿಸಿಕೊಳ್ಳುವಾಗ ಎಚ್ಚರವಿರಬೇಕಾದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅವಶ್ಯ. ತಳದಲ್ಲಿ ವಾಸಿಸುವ ಹುಳುಗಳು ಕೆಸರಿನ ಮೇಲಿನ ಹಲವು ಸೆಂಟಿಮೀಟರುಗಳನ್ನು ಸದಾ ಕಲಕುತ್ತಿರುತ್ತವೆ. ಸಾವಿರ ವರ್ಷಕ್ಕೆ ಎರಡು ಮೂರು ಸೆಂಟಿಮೀಟರು ಬೀಳುವ ಕಡೆ ಒಂದು ಚಿಟಿಕೆ ಕೆಸರಿನಲ್ಲಿ ಸಾವಿರ ವರ್ಷಗಳಿಗೂ ಮಿಕ್ಕ ಕಾಲದ ಚಿಪ್ಪುಗಳು ಬೆರೆತಿರುತ್ತವೆ. ಆದುದರಿಂದ ಆಳಸಮುದ್ರದ ಕೆಸರಿನಲ್ಲಿ ಒಬ್ಬ ಅರಸನ ಕಾಲದ ಬರಗಾಲವನ್ನೋ ಒಂದು ರಾಜ್ಯದ ಪತನದ ಕಾರಣವನ್ನೋ ಹುಡುಕುವುದು ವ್ಯರ್ಥ. ಕೆಸರು ವೇಗವಾಗಿ ಬೀಳುವ ತೀರಪ್ರದೇಶಗಳಲ್ಲಿ ಮಾತ್ರ ಶತಮಾನ ದಶಕಗಳ ಮಾತನ್ನು ಆಡಬಹುದು.

ಗತಕಾಲದ ಉಷ್ಣತೆಯನ್ನು ತೋರಿಸುವ ರೇಖಾಚಿತ್ರಗಳು ಈಗ ಪಠ್ಯಪುಸ್ತಕಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿವೆ. ಅಂಥ ರೇಖೆಯೊಂದು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳುವಂತೆ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸಬೇಕೆಂದು ನಮ್ಮ ಸೂಚನೆ. ನಿಜವಾಗಿ ಅಳೆದುದು ಏನನ್ನು, ಅದು ಉಷ್ಣತೆಯಾಗಿ ಪರಿವರ್ತಿತವಾದುದು ಯಾವ ಗ್ರಹಿಕೆಯ ಮೇಲೆ? ಅದೇ ಅಳತೆಯನ್ನು ಉಂಟುಮಾಡಬಲ್ಲ ಬೇರೆ ಕಾರಣ ಯಾವುದು? ಆ ದೋಷಕ್ಕೆ ಒಳಗಾಗದ ಇನ್ನೊಂದು ಸಾಕ್ಷಿಯು ಏನನ್ನು ಹೇಳುತ್ತದೆ? ಈ ಮೂರಕ್ಕೂ ಉತ್ತರವುಳ್ಳ ಅಂಕಿಯನ್ನು ಧೈರ್ಯವಾಗಿ ನಂಬಬಹುದು. ಉತ್ತರವಿಲ್ಲದ ಅಂಕಿಯನ್ನು ತಳ್ಳಿಹಾಕದೆ, ವಿಚಾರಣೆಯಲ್ಲಿರುವ ಸಾಕ್ಷ್ಯವೆಂದು ಬದಿಗಿಡಬಹುದು. ಎಮಿಲಿಯಾನಿಯ ೧೯೫೫ರ ಅಳತೆಗಳನ್ನು ಯಾರೂ ತಪ್ಪೆಂದು ಹೇಳಿಲ್ಲ. ಅವುಗಳ ಅರ್ಥವನ್ನು ಮಾತ್ರ ಮತ್ತೆ ವಿಚಾರಿಸಿದರು. ಆಕರಗಳನ್ನು ಗೌರವದಿಂದ ಉಳಿಸಿಕೊಂಡು ಅರ್ಥವನ್ನು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುವ ಈ ಶಿಸ್ತು ಚರಿತ್ರೆಗೂ ಭೂವಿಜ್ಞಾನಕ್ಕೂ ಸಮಾನವಾದುದು. ಎರಡು ವಿಭಾಗಗಳ ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ ಕುಳಿತು ಇಂಥ ಒಂದು ರೇಖೆಯನ್ನು ಓದಿದರೆ, ಇಬ್ಬರಿಗೂ ಲಾಭವಾದೀತೆಂದು ನಾವು ನಂಬುತ್ತೇವೆ.